ಮೇಜಿನ ಮೇಲೆ ಐದು ಗುಡ್ಡೆ

ವಾದದಲ್ಲಿ ಗೆಲ್ಲುವುದು ಒಂದು ಕಾಯಿಲೆ ಎಂದು ನನಗೆ ಗೊತ್ತಾದದ್ದು ತಡವಾಗಿ. ಬೇರೆ ಕಾಯಿಲೆಗಳಲ್ಲಿ ರೋಗಿ ನರಳಿದರೆ ಇದರಲ್ಲಿ ಮನೆಯವರು ನರಳುತ್ತಾರೆ. ರೋಗಿ ಗುಂಡುಕಲ್ಲಿನ ಹಾಗೆ ಇರುತ್ತಾನೆ. ನನಗಿದು ಅಂಟಿದ್ದು ಸೇಲಂನಲ್ಲಿ ಕಾಲೇಜು ಓದುವಾಗ. ಅಲ್ಲಿ ಪಟ್ಟಿಮನ್ರಂ ಎಂಬ ಚರ್ಚಾಕೂಟಗಳಿಗೆ ಭಾರಿ ಬೇಡಿಕೆ. ವೇದಿಕೆಯ ಆ ಕಡೆ ಮೂವರು, ಈ ಕಡೆ ಮೂವರು, ನಡುವೆ ತೀರ್ಪು ಹೇಳಲು ಒಬ್ಬ ಹಿರಿಯರು. ಸಂಸಾರದ ನೆಮ್ಮದಿಗೆ ಕಾರಣ ಅತ್ತೆಯೋ ಸೊಸೆಯೋ ಎಂಬಂಥ ವಿಷಯ. ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿಯಲ್ಲಿ ಅತ್ತೆ ಬಂದರೆ ಅತ್ತೆಯ ಪರ ಕಣ್ಣೀರು ಹಾಕಿಸುತ್ತಿದ್ದೆ. ಮುಂದಿನ ವಾರ ಸೊಸೆ ಬಂದರೆ ಅದೇ ಕಣ್ಣೀರನ್ನು ಆ ಕಡೆಗೆ ಹರಿಸುತ್ತಿದ್ದೆ. ನನ್ನ ಸ್ವಂತ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಯಾವ ಚೀಟಿ ಎಂದು ನಾನೇ ಮರುಪ್ರಶ್ನೆ ಹಾಕುತ್ತಿದ್ದೆ.

ಈ ಲೇಖನ ಬರೆಯುತ್ತಿರುವ ಕನ್ನಡ ಅಕ್ಷರಗಳನ್ನು ಕಲಿತದ್ದೂ ಜಗಳಕ್ಕಾಗಿಯೇ. ತೊಪ್ಪೂರಿನ ಹತ್ತಿರದ ನಮ್ಮ ಊರಿನಲ್ಲಿ ಕನ್ನಡ ಬಾಯಲ್ಲಿದೆ, ಪುಸ್ತಕದಲ್ಲಿಲ್ಲ, ಶಾಲೆಯೆಲ್ಲ ತಮಿಳು. ನೀವು ಆಡುವುದು ಕನ್ನಡವೇ ಅಲ್ಲ ಎಂದು ಕನ್ನಡ ನಾಡಿನಿಂದ ನಮ್ಮೂರ ಬ್ಯಾಂಕಿಗೆ ಬಂದಿದ್ದ ಅಧಿಕಾರಿಯೊಬ್ಬರು ನಕ್ಕರು. ಅವರಿಗೆ ಲಿಖಿತ ಉತ್ತರ ಕೊಡಬೇಕೆಂದು ಹಟ ಹಿಡಿದು ಏಳು ತಿಂಗಳು ಕಲಿತೆ. ಉತ್ತರ ಸಿದ್ಧವಾಗುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಅಕ್ಷರಗಳು ನನ್ನಲ್ಲೇ ಉಳಿದವು.

ಇಂಥ ನನಗೆ ರೇವತಿ ಎಂಬ ತಂಗಿ. ನನ್ನ ಪಾಲಿನ ಮಾತಿನ ಜೊತೆಗೆ ಅವಳ ಪಾಲಿನದೂ ನನಗೇ ಬಂದಿರಬೇಕು, ಅಷ್ಟು ಮೆದು. ಅವಳಿಗೆ ಸೇಲಂನ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಕಂಪನಿಯೊಂದರಲ್ಲಿ ಗೆಜ್ಜೆಯ ಹೊಸ ಹೊಸ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಸಂಜೆ ಮನೆಗೆ ಬಂದವಳೇ, "ಭಾನುವಾರ ನಾಲ್ಕು ಜನಾನೂ ಓಗಣ. ಸೇಲಂನಲ್ಲಿ ಕೊರಿಯನ್ ಬಾರ್ಬೆಕ್ಯೂ ತೆಗ್ದವ್ರೆ. ನಾನು ಕೊಡಿಸ್ತೀನಿ" ಎಂದಳು. ಎಂಟು ವರ್ಷದಿಂದ ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡಿಕೊಂಡು ಬಂದವಳು. ಅದರಲ್ಲಿ ಅಳುವವರೂ ನಗುವವರೂ ಕೊನೆಗೆ ಒಂದು ಒಲೆಯ ಸುತ್ತ ಕೂತು ಮಾಂಸ ಸುಡುತ್ತಾರಂತೆ. ಎಷ್ಟು ಎಂದು ಅವ್ವ ಕೇಳಿದಳು. ಒಬ್ಬರಿಗೆ ಒಂಬೈನೂರು ಎಂದಳು ರೇವತಿ, ಸ್ವಲ್ಪ ಸಣ್ಣ ದನಿಯಲ್ಲಿ.

ಅಲ್ಲಿಗೆ ನನ್ನ ಚೀಟಿ ನನಗೆ ಸಿಕ್ಕಿತು. ಎದ್ದು ನಿಂತೆನೋ ಕೂತೇ ಇದ್ದೆನೋ ನೆನಪಿಲ್ಲ, ಮಾತಂತೂ ಎದ್ದು ನಿಂತಿತ್ತು. ಅಲ್ಲಿ ಮಾಂಸವನ್ನು ಹಸಿಯಾಗಿ ತಂದಿಡುತ್ತಾರೆ, ಸುಡಬೇಕಾದವರು ನಾವು. ಬೇರೆಯವರ ಹೊಲದಲ್ಲಿ ದಿನವೆಲ್ಲ ಕಳೆ ಕಿತ್ತು, ಸಂಜೆ ಹೊಲದವನಿಗೆ ನಾವೇ ಕೂಲಿ ಕೊಟ್ಟು ಬರುವುದುಂಟೇ? ವರ್ಷವೆಲ್ಲ ಒಲೆಯ ಮುಂದೆ ಬೇಯುವ ಅವ್ವನನ್ನು ಸೇಲಂವರೆಗೆ ಕರೆದುಕೊಂಡು ಹೋಗಿ ಇನ್ನೊಂದು ಒಲೆಯ ಮುಂದೆ ಕೂರಿಸುವುದಕ್ಕೆ ಔತಣ ಎಂದು ಹೆಸರೇ? ಮೂವತ್ತು ಕುರಿ ಕಟ್ಟಿದ ಮನೆಯವರು ಬಸ್ಸು ಹತ್ತಿ ಹೋಗಿ ಕಾಗದದಷ್ಟು ತೆಳ್ಳಗಿನ ಚೂರುಗಳನ್ನು ಕೊಂಡು ತಿನ್ನುವುದು ಯಾವ ಲೆಕ್ಕ? ಇಷ್ಟನ್ನೂ ನಾನು ಆ ಅಂಗಡಿಯ ಬಾಗಿಲನ್ನು ಕೂಡ ನೋಡದೆ ಹೇಳಿದೆ. ನೋಡಿದರೆ ವಾದಕ್ಕೆ ತೊಡಕಾಗುತ್ತದೆ.

"ದೊಡ್ಡೋಳು ಹೇಳೋದ್ರಲ್ಲಿ ನ್ಯಾಯ ಐತೆ" ಎಂದ ಅಪ್ಪ. ಅಷ್ಟು ದುಡ್ಡಿಗೆ ಗ್ಯಾಸ್ ಒಲೆಯೇ ಬರುತ್ತದೆ ಎಂದಳು ಅವ್ವ. ನಾನು ಗೆದ್ದಿದ್ದೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ನಾನು ಓಮಲೂರಿನಲ್ಲಿ ಇಳಿದು ಶಾಲೆಗೆ ಪಾಠ ಹೇಳಲು ಹೋಗುವವಳು, ಅವಳು ಸೇಲಂಗೆ. ರೇವತಿ ರಸ್ತೆಯನ್ನೇ ನೋಡುತ್ತಾ ಹೇಳಿದಳು: "ನೀನು ಗೆದ್ದೆ ಅಕ್ಕ, ಸರಿ. ಆದ್ರೆ ನಾನು ಸ್ಪರ್ಧೆಗೇ ಬಂದಿರ್ಲಿಲ್ಲ. ಅಪ್ಪನ ಬಾಯಲ್ಲಿ ಒಂದ್ಸಲ ಚೆನ್ನಾಗೈತೆ ಅನ್ನಿಸ್ಬೇಕು ಅಂತಿದ್ದೆ ಅಷ್ಟೆ."

ಇದು ಸಣ್ಣ ಆಸೆಯಲ್ಲ. ನಮ್ಮಪ್ಪ ಯಾವುದನ್ನೂ ಚೆನ್ನಾಗಿದೆ ಎಂದವನಲ್ಲ. ಅವನ ಅತಿ ದೊಡ್ಡ ಹೊಗಳಿಕೆ "ಪರವಾಗಿಲ್ಲ". ನನಗೆ ರಾಜ್ಯಮಟ್ಟದ ಬಹುಮಾನ ಬಂದಾಗ ಆ ಕಪ್ಪನ್ನು ತಿರುಗಿಸಿ ತಳ ನೋಡಿ "ಪರವಾಗಿಲ್ಲ, ಸೋರಲ್ಲ" ಎಂದಿದ್ದ. ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ನನ್ನ ಮೊದಲ ಸಂಬಳ ಬಂದಾಗ, ಮೊದಲ ಸಂಬಳದಲ್ಲಿ ಮನೆಯವರಿಗೆ ಊಟ ಹಾಕಿಸುವುದು ಅರ್ಥವಿಲ್ಲದ ಆಚಾರ ಎಂದು ಸಾಬೀತು ಮಾಡಿದ್ದೆ. ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪಿಕೊಂಡು ಮನೆಯಲ್ಲೇ ಮುದ್ದೆ, ಹುರುಳಿ ಸಾರು ಉಂಡಿದ್ದೆವು. ಆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಆ ಹುರುಳಿ ಸಾರು ಯಾಕೋ ಮತ್ತೆ ಗಂಟಲಿಗೆ ಬಂತು.

ನಾನೇ ಅಪ್ಪ ಅವ್ವನನ್ನು ಹೊರಡಿಸುತ್ತೇನೆ ಎಂದು ಒಪ್ಪಿಕೊಂಡೆ. ರೇವತಿ ಒಂದೇ ಷರತ್ತು ಹಾಕಿದಳು: ಹೋಟೆಲಿನೊಳಗೆ ಇರುವಷ್ಟು ಹೊತ್ತು ಆ ಊಟದ ವಿರುದ್ಧ ನಾನು ಒಂದು ಮಾತೂ ಆಡಕೂಡದು.

ದುಡ್ಡು ಮುಂಗಡ ಕಟ್ಟಿಯಾಗಿದೆ ಎಂಬ ನನ್ನ ಒಂದೇ ಸುಳ್ಳಿಗೆ ಇಬ್ಬರೂ ಒಪ್ಪಿದರು. ಭಾನುವಾರ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆವು. ಅಪ್ಪ ಮದುವೆ ಮನೆಗೆ ಹೊರಟವನಂತೆ ಬಿಳಿ ಶರ್ಟು ತೊಟ್ಟಿದ್ದ. ಅವ್ವನ ವಯರ್ ಬುಟ್ಟಿಯಲ್ಲಿ ಮೊಸರನ್ನದ ಡಬ್ಬಿ ಇತ್ತು. "ಯಾತಕ್ಕೂ ಇರ್ಲಿ. ಕೊರಿಯಾದೋರು ಏನಿಕ್ತಾರೋ" ಎಂದಳು. ತೊಪ್ಪೂರಿನ ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ಉಸಿರು ಬಿಗಿಹಿಡಿದು ಇಳಿಯಿತು. ನಾನೂ ಬಾಯಿ ಬಿಗಿಹಿಡಿದೇ ಇದ್ದೆ, ಅಭ್ಯಾಸಕ್ಕೆ.

ಹೋಟೆಲಿನ ಒಳಗೆ ಐಸ್ ಪೆಟ್ಟಿಗೆಯಷ್ಟು ತಣ್ಣಗಿತ್ತು. ಮೇಜಿನ ನಡುವೆ ಒಲೆ, ಅದರ ಮೇಲೆ ಹೊಗೆ ಎಳೆಯಲು ಛಾವಣಿಯಿಂದ ಇಳಿಬಿಟ್ಟ ತಗಡಿನ ಕೊಳವೆ. ಕೂರುತ್ತಿದ್ದಂತೆ ಏಳು ಸಣ್ಣ ಬಟ್ಟಲುಗಳು ಬಂದವು. ಅವ್ವ ಒಂದೊಂದನ್ನೂ ಮೂಸಿ, "ಎಲೆಕೋಸು ಹುಳಿ ಬಂದೈತೆ. ನಾವು ಎಮ್ಮೆಗೆ ಆಕ್ತೀವಿ, ಇವ್ರು ಬಟ್ಲಿಗೆ ಆಕವ್ರೆ" ಎಂದು ವರದಿ ಕೊಟ್ಟಳು. ಆಮೇಲೆ ತಟ್ಟೆಯಲ್ಲಿ ಹಸಿ ಕುರಿಮಾಂಸ, ಕೋಳಿ, ಮಾಂಸ ಸುತ್ತಿಕೊಂಡು ತಿನ್ನಲು ಅಗಲವಾದ ಹಸಿರು ಸೊಪ್ಪಿನೆಲೆಗಳು ಬಂದವು. ತಂದವರು ಅವ್ವನ ವಯಸ್ಸಿನ ಹೆಂಗಸು. ಏಪ್ರನ್ನಿನ ಮೇಲೆ ಸೆಲ್ವಿ ಎಂಬ ಹೆಸರಿನ ಬಿಲ್ಲೆ. ಒಲೆ ಹಚ್ಚಿ, ಇಕ್ಕಳವನ್ನೂ ಒಂದು ಕತ್ತರಿಯನ್ನೂ ಇಟ್ಟು, ಈಗ ಬರುತ್ತೇನೆ ಎಂದು ತಮಿಳಿನಲ್ಲಿ ಹೇಳಿ ಪಕ್ಕದ ಮೇಜಿಗೆ ಹೋದರು.

ಅಪ್ಪ ತಟ್ಟೆ ನೋಡಿದ, ಒಲೆ ನೋಡಿದ, ಗಂಟಲು ಸರಿಮಾಡಿಕೊಂಡ. "ಅಲ್ಲಾ, ಬೇರೇರ ಒಲದಲ್ಲಿ ಕಳೆ ಕಿತ್ತು ಅವ್ರಿಗೇ ಕೂಲಿ ಕೊಟ್ಟು ಬರೋದುಂಟಾ?"

ನನ್ನ ವಾಕ್ಯ. ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ ನಿಲ್ಲಿಸಿದ.

"ಒಲೆ ಮುಂದಿಂದ ಒಲೆ ಮುಂದಕ್ಕೆ" ಎಂದಳು ಅವ್ವ, ಅದೂ ನನ್ನದೇ.

"ಮೂವತ್ತು ಕುರಿ ಕಟ್ಕೊಂಡು…" ಅಪ್ಪ ಮುಂದುವರಿಸಿದ. ಇಷ್ಟು ನಿಷ್ಠೆಯ ಶಿಷ್ಯರು ನನಗೆ ಶಾಲೆಯಲ್ಲೂ ಸಿಕ್ಕಿಲ್ಲ. ರೇವತಿ ಮೇಜಿನ ಮೇಲಿನ ಕಾಗದವನ್ನು ಉಗುರಿನಲ್ಲಿ ಮಡಿಸುತ್ತಿದ್ದಳು. ಮಡಿಸಿ ಮಡಿಸಿ ಅದು ಬಸ್ ಟಿಕೆಟಿನಷ್ಟಾಗಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ ನಿಜ, ಆದರೆ ನನ್ನ ಮಾತು ಇನ್ನಿಬ್ಬರ ಬಾಯಲ್ಲಿ ಆರಾಮಾಗಿ ಓಡಾಡಿಕೊಂಡಿತ್ತು.

ಆಗ ಷರತ್ತಿನ ಶಬ್ದಗಳು ನೆನಪಾದವು. ವಿರುದ್ಧ ಆಡಬಾರದು, ಅಷ್ಟೇ. ಪರವಾಗಿ ಆಡಬಾರದು ಎಂದು ಅವಳು ಹೇಳಿರಲಿಲ್ಲ. ಮನಸ್ಸಿನಲ್ಲೇ ಇನ್ನೊಂದು ಚೀಟಿ ಎತ್ತಿದೆ.

"ಅಪ್ಪ, ನೀನು ಓಟ್ಲಲ್ಲಿ ಯಾಕೆ ಮಟನ್ ತಿನ್ನಲ್ಲ?" ಎಂದೆ.

"ಯಾವ್ದು ಬೇಯಿಸಿರ್ತಾರೋ ಯಾರಿಗ್ ಗೊತ್ತು. ಮಸಾಲೆ ಬಿದ್ಮೇಲೆ ಕುರಿನೂ ಒಂದೇ, ಕುಂಟೆತ್ತೂ ಒಂದೇ."

"ಇಷ್ಟು ವರ್ಷದಲ್ಲಿ ಯಾವ ಓಟ್ಲಿನೋನಾದ್ರೂ ಬೇಯಿಸೋಕ್ ಮುಂಚೆ ನಿನಗೆ ತಂದು ತೋರ್ಸಿದ್ನಾ? ಇವ್ರು ತೋರಿಸ್ತಾವ್ರೆ. ಮಸಾಲೆ ಇಲ್ಲ, ಮುಚ್ಚುಮರೆ ಇಲ್ಲ. ನೀನೇ ನೋಡಿ ಹೇಳು, ಕುರಿ ಹೌದೋ ಅಲ್ವೋ."

ಇದು ಅಪ್ಪನ ಕಸುಬಿಗೆ ಬಿದ್ದ ಪ್ರಶ್ನೆ. ಒಂದು ಚೂರು ಎತ್ತಿ ದೀಪಕ್ಕೆ ಹಿಡಿದ, ಎರಡು ಬೆರಳಲ್ಲಿ ಉಜ್ಜಿ ಮೂಸಿದ. "ಕುರಿನೇ" ಎಂದ. ಇನ್ನೊಂದು ಎತ್ತಿದ. "ಎಳೇದು. ಬಾಯಲ್ಲಿ ಎರಡು ಅಲ್ಲು ಬಂದಿರ್ಬೇಕು ಅಷ್ಟೆ. ಮೇವು ಸಾಲ್ದು ಇದಕ್ಕೆ."

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ. ಹಸಿ ಮಾಂಸ ಕೈಗೆ ಬಂದರೆ ಅಪ್ಪನ ಕೈಗೆ ಗೊತ್ತಿರುವುದು ಒಂದೇ ಕೆಲಸ. ನಮ್ಮಲ್ಲಿ ಹಬ್ಬಕ್ಕೆ ಏಳೆಂಟು ಮನೆಯವರು ಸೇರಿ ಒಂದು ಕುರಿ ಕೊಯ್ದು, ಎಲೆ ಹಾಸಿ ಮಾಂಸವನ್ನು ಸಮನಾಗಿ ಗುಡ್ಡೆ ಹಾಕುತ್ತಾರೆ. ತಕ್ಕಡಿ ಮುಟ್ಟುವುದಿಲ್ಲ. ಗುಡ್ಡೆ ಹಾಕುವವನು ನಮ್ಮಪ್ಪ. ಹಾಕಿದ ಮೇಲೆ ಒಬ್ಬರು ಬೆನ್ನು ತಿರುಗಿಸಿ ನಿಂತು, ಇದು ಯಾರದು ಎಂದರೆ ಒಂದೊಂದು ಹೆಸರು ಹೇಳುತ್ತಾರೆ. ಅಪ್ಪನ ಗುಡ್ಡೆಯ ಮೇಲೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ, ಮಾತಿಗೆ ಮುಂಚೆ ತಕರಾರು ತೆಗೆಯುವ ನಾನು ಕೂಡ.

ಸೊಪ್ಪಿನೆಲೆಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿದ. ಇಲ್ಲಿಂದ ಒಂದು ಚೂರು ಅಲ್ಲಿಗೆ, ಅಲ್ಲಿಂದ ಅರ್ಧ ಇಲ್ಲಿಗೆ. ಕತ್ತರಿ ಅವನಿಗೆ ಬಹಳ ಹಿಡಿಸಿತು. ಕೆಲಸ ಮುಗಿದಾಗ ಅವ್ವನಿಗೆ, "ಆ ಕಡೆ ತಿರುಗು" ಎಂದ. ಅವ್ವ ಏನೂ ಕೇಳದೆ ಕೊರಿಯಾದ ಬೆಟ್ಟದ ಚಿತ್ರವಿದ್ದ ಗೋಡೆಯ ಕಡೆ ಮುಖ ಮಾಡಿದಳು. "ಇದ್ಯಾರ್ದು?" "ಚಿಕ್ಕೋಳ್ದು." "ಇದು?" "ನಿಮ್ದು." ಪಕ್ಕದ ಮೇಜಿನ ಕಾಲೇಜು ಹುಡುಗರು ಇದು ಕೊರಿಯಾದ ಪದ್ಧತಿ ಎಂದುಕೊಂಡು ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದರು.

ನಾಲ್ಕು ಹೆಸರು ಮುಗಿದವು. ಒಂದು ಗುಡ್ಡೆ ಮಿಕ್ಕಿತು.

"ಅದ್ಯಾರಿಗೆ?" ಎಂದಳು ರೇವತಿ.

"ಕೆಲ್ಸ ಮಾಡೋರಿಗೆ" ಎಂದ ಅಪ್ಪ. ಊರಿನಲ್ಲಿ ಕೊಯ್ದು ಬಿಡಿಸಿದವನಿಗೆ ಒಂದು ಪಾಲು ಇದ್ದೇ ಇರುತ್ತದೆ. ಅಷ್ಟರಲ್ಲಿ ಸೆಲ್ವಿಯಕ್ಕ ಬಂದು ಇಕ್ಕಳ ಹಿಡಿದು ಸುಡಲು ನಿಂತರು. ಹೌದು, ಅಲ್ಲಿ ನಾವು ಸುಡಬೇಕಾಗಿಯೇ ಇರಲಿಲ್ಲ. ಸುಟ್ಟುಕೊಡುವುದು ಅವರ ಕೆಲಸ. ನನ್ನ ಬಲವಾದ ವಾದ ಬುಡವಿಲ್ಲದ್ದು ಎಂದು ಆಗ ತಿಳಿಯಿತು. ಸದ್ಯ, ಯಾರೂ ಗಮನಿಸಲಿಲ್ಲ. ಐದನೆಯ ಗುಡ್ಡೆ ಬೆಂದ ಮೇಲೆ ಅಪ್ಪ ಎಲೆಯನ್ನು ಎರಡು ಕೈಯಲ್ಲಿ ಎತ್ತಿ, "ಇಂದಾಂಗಮ್ಮ, ತಗಳ್ಳಿ, ಇದು ನಿಮ್ದು" ಎಂದು ಚಾಚಿದ. ಗಿರಾಕಿಗಳ ತಟ್ಟೆಯಿಂದ ತಿನ್ನಬಾರದು ಎಂದು ಅವರು ಹಿಂದೆ ಸರಿದರು. ಅಪ್ಪ ಕೈ ಇಳಿಸಲಿಲ್ಲ. "ನಿಮ್ಮ ಪಾಲು ಎತ್ತದೆ ನಾವು ಕೈ ಆಕಂಗಿಲ್ಲ. ನಮ್ಮಲ್ಲಿ ಅಂಗೆ."

ಅವರು ಗಲ್ಲಾದ ಕಡೆ ಒಮ್ಮೆ ನೋಡಿ, ಎಲೆ ಸುತ್ತಿ, ಗೋಡೆಗೆ ತಿರುಗಿ ಬಾಯಿಗೆ ಹಾಕಿಕೊಂಡರು. "ನಾಲ್ಕು ತಿಂಗಳಿಂದ ಸುಡ್ತಾ ಇದೀನಿ, ರುಚಿ ನೋಡಿದ್ದು ಇವತ್ತೇ" ಎಂದರು ತಮಿಳಿನಲ್ಲಿ, ಕೈ ಒರೆಸಿಕೊಳ್ಳುತ್ತಾ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ವಾದಕ್ಕೂ ಸಿಗುವುದಿಲ್ಲ. ಕೊಟ್ಟ ದುಡ್ಡಿಗೆ ಸರಿಯಾಗಿದೆಯಾ ಅಕ್ಕ ಎಂದು ಕೇಳಿಯೇ ಬಿಟ್ಟೆ. ಅವರು ಯೋಚಿಸುವಷ್ಟರಲ್ಲಿ ನಾವೂ ಒಂದೊಂದು ತುತ್ತು ಬಾಯಿಗೆ ಹಾಕಿಕೊಂಡೆವು.

"ಉಪ್ಪು ಒಂದು ಚಿಟಿಕೆ ಕಮ್ಮಿ."

ಅಪ್ಪ ಜೋರಾಗಿ ತಲೆಯಾಡಿಸಿದ. ಅದನ್ನೇ ಹೇಳಬೇಕೆಂದಿದ್ದವನು ಚಿಕ್ಕ ಮಗಳ ಮುಖ ನೋಡಿ ನುಂಗಿಕೊಂಡಿದ್ದ ಎಂದು ಕಾಣುತ್ತದೆ. ಸೆಲ್ವಿಯಕ್ಕ ಒಳಗಿನಿಂದ ಉಪ್ಪು ತಂದುಕೊಟ್ಟರು. ಆ ಬಟ್ಟಲುಗಳಲ್ಲಿ ಖಾಲಿಯಾದದ್ದನ್ನು ಎಷ್ಟು ಸಲ ಬೇಕಾದರೂ ತುಂಬಿಕೊಡುತ್ತಾರೆಂದು ತಿಳಿದ ಮೇಲೆ ಅವ್ವ ಎಮ್ಮೆಯ ಎಲೆಕೋಸನ್ನು ಮೂರು ಸಲ ಹಾಕಿಸಿಕೊಂಡಳು. ಮೊಸರನ್ನದ ಡಬ್ಬಿ ತೆರೆಯಲೇ ಇಲ್ಲ.

ಹೊರಗೆ ಬಂದ ಮೇಲೆ ರೇವತಿ ಕೇಳಿದಳು: "ಎಂಗಿತ್ತಪ್ಪ?"

"ಪರವಾಗಿಲ್ಲ" ಎಂದ ಅಪ್ಪ. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತು ಓಮಲೂರಿನವರೆಗೂ ಟಿಕೆಟನ್ನು ಉಗುರಿನಲ್ಲಿ ಮಡಿಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವಳು ಮುಂಚಿನ ಬಸ್ಸಿಗೆ ಹೋಗಿದ್ದಳು. ನಾನು ಒಬ್ಬಳೇ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದ ಟೀ ಅಂಗಡಿಯೊಳಗಿಂದ ಅಪ್ಪನ ದನಿ ಕೇಳುತ್ತಿತ್ತು. "ಮೇಜಲ್ಲೇ ಒಲೆ ಮಡಗವ್ರೆ. ಕತ್ತರೀಲಿ ಮಾಂಸ ಕತ್ತರಿಸ್ತಾರೆ, ದರ್ಜಿ ಅಂಗೆ. ನಮ್ಮ ಚಿಕ್ಕೋಳು ಕರ್ಕೊಂಡೋಗಿದ್ಲು, ಅವಳ ಸಂಬ್ಳದಲ್ಲಿ. ಬಲೇ ಚೆನ್ನಾಗಿತ್ತು." ಎಷ್ಟಾಯಿತು ಎಂದು ಯಾರೋ ಕೇಳಿದರು. "ಒಬ್ಬೊಬ್ಬರಿಗೆ ಸಾವಿರದೈನೂರು" ಎಂದ ಅಪ್ಪ, ಸ್ವಲ್ಪವೂ ತಡವರಿಸದೆ. ಬುಧವಾರದ ಹೊತ್ತಿಗೆ ಅದು ಎರಡು ಸಾವಿರವಾಗಿತ್ತು. ಒಂಬೈನೂರು ದುಬಾರಿ ಎಂದು ನಾನು ಇಡೀ ಮನೆಯನ್ನು ಒಪ್ಪಿಸಿದ್ದೆ. ಅಪ್ಪನಿಗೆ ಮಾತ್ರ ಅದು ಸಾಲದಾಗಿತ್ತು. ಅಗ್ಗದ ಊಟವಾಗಿದ್ದರೆ ಟೀ ಅಂಗಡಿಯಲ್ಲಿ ಹೇಳುವುದಕ್ಕೆ ಅವನ ಹತ್ತಿರ ಏನಿರುತ್ತಿತ್ತು?

ಸೋಮವಾರ ಸಂಜೆಯೇ "ಬಲೇ ಚೆನ್ನಾಗಿತ್ತು" ಎಂಬುದನ್ನು ರೇವತಿಗೆ ಒಪ್ಪಿಸಿದೆ. ಅವಳು ಮೂರು ಸಲ ಹೇಳಿಸಿಕೊಂಡಳು. ಇನ್ನೊಬ್ಬರ ಮಾತನ್ನು ತಿದ್ದದೆ, ಎದುರು ಹೇಳದೆ, ಕೇಳಿದಷ್ಟನ್ನೇ ನಾನು ಒಪ್ಪಿಸಿದ್ದು ಬಹುಶಃ ಅದೇ ಮೊದಲು.

ಆದರೆ ಟೀ ಅಂಗಡಿಯ ಮಾತು ಅಲ್ಲಿಗೇ ನಿಂತಿರಲಿಲ್ಲ, ಅದನ್ನು ರೇವತಿಗೆ ಹೇಳಲಿಲ್ಲ. "ದೊಡ್ಡೋಳು ಮೊದಲ್ನೆ ಸಂಬ್ಳದಲ್ಲಿ ಏನು ಕೊಡ್ಸಿದ್ಲು?" ಎಂದು, ಎಷ್ಟಾಯಿತು ಎಂದವನೇ ಮತ್ತೆ ಕೇಳಿದ್ದ.

"ಅವಳಾ? ಮಾತಲ್ಲೇ ಒಟ್ಟೆ ತುಂಬಿಸ್ಬುಟ್ಲು" ಎಂದಿದ್ದ ಅಪ್ಪ. ಅಂಗಡಿ ತುಂಬ ನಗು. ನನ್ನ ಹತ್ತಿರ ಇದಕ್ಕೆ ಉತ್ತರವಿತ್ತು, ಮೂರು ಅಂಶಗಳಲ್ಲಿ. ಒಳಗೆ ಹೋಗಿ ಹೇಳಲು ಹೊರಟೆ ಕೂಡ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆ.

ಘಾಟಿ ಇಳಿಯುವಾಗ ಆ ಹೋಟೆಲಿಗೆ ಫೋನ್ ಮಾಡಿದೆ. ಎತ್ತಿದವರು ಸೆಲ್ವಿಯಕ್ಕ. ಮುಂದಿನ ತಿಂಗಳು ನನ್ನ ಸಂಬಳ ಬಂದ ಮೇಲಿನ ಮೊದಲ ಭಾನುವಾರ ಒಂದು ಮೇಜು ಬೇಕು ಎಂದೆ. ಎಷ್ಟು ಜನ ಎಂದು ಕೇಳಿದರು. ನಾಲ್ಕು ಎಂದೆ. ಆಮೇಲೆ, ವಾರದ ನಡುವೆ ಬಂದರೆ ಕಮ್ಮಿಯಾಗುತ್ತದೆಯೇ, ಅವ್ವ ಬರೀ ಎಲೆಕೋಸು ತಿಂದರೂ ಪೂರ್ತಿ ಒಂಬೈನೂರು ಕೇಳುವುದು ನ್ಯಾಯವೇ ಎಂದು ಓಮಲೂರು ಬರುವವರೆಗೂ ವಾದ ಮಾಡಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಎಲೆ ಐದಲ್ಲವಾ?" ಎಂದರು. ಹೌದು ಎಂದೆ.