ತಾರಾ ತಂಡಕ್ಕೆ ಬಾಡೂಟ

ಪಾಂಡವಪುರದಲ್ಲಿ ಇದುವರೆಗೆ ಯಾವ ಗಂಡಸೂ ಮಾಡದ ಕೆಲಸವನ್ನು ತಾನು ಮಾಡಿಯೇ ತೀರುವುದಾಗಿ ನಿಂಗರಾಜು ಒಂದು ಬೆಳಗ್ಗೆ ಕಾಫಿ ಲೋಟ ಕುಕ್ಕಿ ಘೋಷಿಸಿದ. ನಾಲ್ಕು ತಾಲ್ಲೂಕಿನ ಫುಟ್‌ಬಾಲ್ ತಾರಾ ತಂಡ! ಶ್ರೀರಂಗಪಟ್ಟಣದ ಓಟಗಾರರು, ನಾಗಮಂಗಲದ ಗಟ್ಟಿ ಕಾಲಿನವರು, ಕೆ.ಆರ್. ಪೇಟೆಯ ಸಿಡಿಲಿನ ಹೊಡೆತದ ಸಿದ್ದರಾಜು, ಎಲ್ಲರೂ ಒಂದೇ ದಿನ ಒಂದೇ ಮೈದಾನದಲ್ಲಿ, ಊರಿನ ತಂಡದ ಎದುರು! ಹಿಂದಿನ ವರ್ಷ ವಿಶ್ವಕಪ್ಪನ್ನು ಟಿ.ವಿ.ಯಲ್ಲಿ ನಿದ್ದೆಗೆಟ್ಟು ನೋಡಿದಾಗಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹೆಂಡತಿ ಪ್ರಮೀಳಾ ಅವನ ಮುಖವನ್ನೊಮ್ಮೆ ನೋಡಿ, ಲೋಟ ಎತ್ತಿಕೊಂಡು ಒಳಗೆ ಹೋದಳು.

ಇಷ್ಟೆಲ್ಲ ಶಫೀವುಲ್ಲಾನಿಗಾಗಿ. ಲಾರಿ ಮೆಕ್ಯಾನಿಕ್ ಶಫೀವುಲ್ಲಾ ನಿಂಗರಾಜುವಿನ ಬಾಲ್ಯದ ಗೆಳೆಯ, ಊರಿನ ತಂಡಕ್ಕೆ ಇಪ್ಪತ್ತು ವರ್ಷದಿಂದ ಗೋಲ್‌ಕೀಪರ್. ಕಬಡ್ಡಿಯವರಿಗೆ ಹಾರ ಹಾಕುವ ಊರು ಅವನ ಕೊರಳಿಗೆ ಒಂದು ದಾರವನ್ನೂ ಹಾಕಿರಲಿಲ್ಲ. ಈಗ ಮಂಡಿ ಕೈಕೊಟ್ಟಿತ್ತು. ಇನ್ನು ಆಡಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವನಿಗೆ ಹಾರತುರಾಯಿಯ ಆಸೆಯೇನೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಹೆಂಡತಿ ಖುರ್ಷಿದ್ ಬೇಗಂ ಅವನ ಕೆಸರು ಬನಿಯನ್ನುಗಳನ್ನು ಒಗೆದೇ ಕಾಲ ಕಳೆದಿದ್ದಳು, ಆಟ ಒಮ್ಮೆಯೂ ನೋಡಿರಲಿಲ್ಲ.

"ಒಂದು ಬಾಲಾದ್ರೂ ನಾನು ಇಡ್ಕಳೋದ ಅವ್ಳು ನೋಡ್ಲಿ ಕಣ್ಲಾ. ಅಷ್ಟೇ ಸಾಕು" ಅಂದಿದ್ದ.

ಅಷ್ಟೇ ತಾನೇ? ಅಷ್ಟಕ್ಕೆ ಒಬ್ಬ ಒದೆಯುವವನಿದ್ದರೆ ಸಾಕಿತ್ತು. ಆದರೆ ನಿಂಗರಾಜುವಿಗೆ ಸಾಕು ಎಂಬ ಪದವೇ ಗೊತ್ತಿಲ್ಲ. ತಾರೆಯರನ್ನು ಕರೆದ ಮೇಲೆ ಊಟ ಹಾಕಬೇಡವೇ? ಆಟ ಮುಗಿದ ಮೇಲೆ ಸಂಜೆಗೆ ಹಾಕಿದರಾಯಿತು ಎಂದು ಪ್ರಮೀಳಾ ಹೇಳಿ ನೋಡಿದಳು. ಬಂದ ನೆಂಟರನ್ನು ಬರೀ ಹೊಟ್ಟೆಯಲ್ಲಿ ಓಡಿಸುವ ವಂಶ ತನ್ನದಲ್ಲ ಎಂದು ಅವನು ಗುಡುಗಿದ. ನಾಳೆ ಕೆ.ಆರ್. ಪೇಟೆಯವರು ಏನೆಂದಾರು? ಕೊನೆಗೆ ಮಧ್ಯಾಹ್ನಕ್ಕೇ ಬಾಡೂಟ ಎಂದು ತೀರ್ಮಾನವಾಯಿತು. ಎಲ್ಲರೂ ಉಣ್ಣುವಂತಿರಲಿ ಎಂದು ಶಫೀವುಲ್ಲಾ ತನ್ನ ಭಾವಮೈದ ಅಜ್ಮಲ್‌ನ ಅಂಗಡಿಯಿಂದಲೇ ಮಾಂಸ ತಂದುಕೊಟ್ಟ. ಖುರ್ಷಿದ್ ಬೇಗಂ ಬೆಳಗಿನಿಂದಲೇ ಬಂದು ಪ್ರಮೀಳಾ ಜೊತೆ ಒಲೆಯ ಮುಂದೆ ಕೂತಳು.

ಆ ಪಂಕ್ತಿಯನ್ನು ನೀವು ನೋಡಬೇಕಿತ್ತು! ಎರಡೂ ತಂಡ, ಮೀಸಲು ಆಟಗಾರರು, ರೆಫರಿಯಾಗಿ ಬಂದಿದ್ದ ಪಿ.ಟಿ. ಮೇಷ್ಟ್ರು ಮರಿಯಯ್ಯ, ಅಕ್ಕಪಕ್ಕದವರು, ಘಮ ಹಿಡಿದು ಬಂದವರು, ಎಲ್ಲರೂ ಎಲೆಯ ಮುಂದೆ. ನಮ್ಮ ಕಡೆ ಊಟ ಹಾಕಿದರೆ ಸಾಲದು, ಬಲವಂತ ಮಾಡಬೇಕು. ಬಲವಂತವಿಲ್ಲದ ಊಟ ಊಟವೇ ಅಲ್ಲ. ನಿಂಗರಾಜು ತಾನೂ ಗಡದ್ದಾಗಿ ಉಂಡು, ಪಂಚೆ ಎತ್ತಿ ಕಟ್ಟಿ ಸಾಲಿಗಿಳಿದ. ಕೈ ಅಡ್ಡ ಹಿಡಿದವರ ಕೈ ಸರಿಸಿ ಮುದ್ದೆ ಇಟ್ಟ, ಮುದ್ದೆ ಮುಗಿಸಿದವರಿಗೆ ಅನ್ನ ಸುರಿದ, ಅನ್ನ ಬೇಡವೆಂದವರಿಗೆ ತನ್ನ ಮೇಲೆ ಆಣೆ ಇಟ್ಟು ಚಾಪ್ಸ್ ಬಡಿಸಿದ. ಸಿದ್ದರಾಜು ಮೂರನೆಯ ಮುದ್ದೆಗೆ ಕಣ್ಣಲ್ಲಿ ನೀರು ತಂದುಕೊಂಡ. ಅದನ್ನು ನಿಂಗರಾಜು ಆನಂದಬಾಷ್ಪ ಎಂದೇ ತಿಳಿದ.

ಆಟ ಶುರುವಾಯಿತು. ಶುರುವಾಯಿತು ಎನ್ನುವುದು ದೊಡ್ಡ ಮಾತು. ಮರಿಯಯ್ಯ ಮೇಷ್ಟ್ರು ಕುರ್ಚಿಯ ಮೇಲೆ ಕೂತೇ ಸೀಟಿ ಊದಿದರು. ಚೆಂಡು ನಡುವೆ ಬಿತ್ತು, ಅಲ್ಲೇ ಇತ್ತು. ತಾರೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಕ್ಕದಲ್ಲಿದ್ದವನಿಗೆ ಮರ್ಯಾದೆಯಿಂದ ಚೆಂಡು ತಳ್ಳಿದರು. ಅವನೂ ಅಷ್ಟೇ ಮರ್ಯಾದೆಯಿಂದ ಹಿಂದಕ್ಕೆ ತಳ್ಳಿದ. ಶ್ರೀರಂಗಪಟ್ಟಣದ ಓಟಗಾರನೊಬ್ಬ ನಾಲ್ಕು ಹೆಜ್ಜೆ ಓಡಿ, ಸೊಂಟ ಹಿಡಿದು ಬೇಲಿಯ ಕಡೆ ನಡೆದವನು ಮತ್ತೆ ಬರಲಿಲ್ಲ. ನಾಗಮಂಗಲದ ಗಟ್ಟಿ ಕಾಲುಗಳು ಬೇವಿನ ಮರದ ನೆರಳಲ್ಲಿ ಚಾಚಿಕೊಂಡವು.

ಅತ್ತ ಹಿಂದಿನ ರಾತ್ರಿಯ ಮಳೆಗೆ ಕೆಸರಾಗಿದ್ದ ಗೋಲಿನಲ್ಲಿ ಶಫೀವುಲ್ಲಾ ಕೈ ಅಗಲಿಸಿ ನಿಂತೇ ಇದ್ದ. ಅವನೇನೂ ಕಡಿಮೆ ಉಂಡಿರಲಿಲ್ಲ, ಆದರೂ ಮಂಡಿಗೆ ಬಟ್ಟೆ ಸುತ್ತಿಕೊಂಡು, ಒಗೆದ ಬನಿಯನ್ನು ತೊಟ್ಟು, ಚೆಂಡಿಗಾಗಿ ಕಾದ. ಅರ್ಧ ಆಟ ಮುಗಿಯಿತು. ಚೆಂಡು ಬರಲಿಲ್ಲ. ಗೆರೆಯಾಚೆ ನಿಂತು ನೋಡುತ್ತಿದ್ದ ಖುರ್ಷಿದ್ ಬೇಗಂ ಪ್ರಮೀಳಾಳ ಕಿವಿಯಲ್ಲಿ ಕೇಳಿದ್ದು ಪಕ್ಕದಲ್ಲಿದ್ದ ನಿಂಗರಾಜುವಿಗೂ ಕೇಳಿಸಿತು.

"ಇಪ್ಪತ್ತು ವರ್ಸ ಇಂಗೇ ನಿಂತ್ಕೊಂಡಿದ್ರಾ ಇವ್ರು? ಮತ್ತೆ ಬನೀನು ಯಾಕೆ ಅಷ್ಟು ಕೊಳೆ ಆಗ್ತಿತ್ತು?"

ನಿಂಗರಾಜುವಿಗೆ ಆಗ ಹೊಳೆಯಿತು. ಗೆಳೆಯನಿಗೆ ಹಬ್ಬ ಮಾಡಲು ಹೋಗಿ, ಅವನ ಇಡೀ ಆಟವನ್ನೇ ಹೆಂಡತಿಯ ಮುಂದೆ ಸುಳ್ಳು ಮಾಡಿಬಿಟ್ಟಿದ್ದ. ಶಫೀವುಲ್ಲಾನಿಗೆ ನಾಳೆಯಿಂದ ಇನ್ನೊಂದು ಆಟವೂ ಇಲ್ಲ. ನಿಂಗರಾಜು ಮರಿಯಯ್ಯ ಮೇಷ್ಟ್ರ ಕೈ ಹಿಡಿದು, ಯಾವ ತಪ್ಪಿಗಾದರೂ ಸರಿ ಒಂದು ಪೆನಾಲ್ಟಿ ಕೊಡಿ ಎಂದು ಬೇಡಿಕೊಂಡ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಸೀಟಿ ಊದಿದರು. ಸಿದ್ದರಾಜುವನ್ನು ಎಬ್ಬಿಸಿದರೆ, ಕಾಲು ಎತ್ತಿದರೆ ತಿಂದದ್ದೆಲ್ಲ ಆಚೆಗೆ ಬರುತ್ತದೆ ಎಂದು ಕೈಮುಗಿದ. ತಾನೇ ಒದೆಯಲು ಹೋದ ನಿಂಗರಾಜು ಚೆಂಡನ್ನು ಬಿಟ್ಟು ಗಾಳಿಯನ್ನು ಒದ್ದು ದೊಪ್ಪನೆ ಕೂತ. ನೋಡಲು ನಿಂತಿದ್ದವರೂ ಅವನ ಮನೆಯಲ್ಲಿ ಉಂಡು ಬಂದವರೇ. ಯಾರೂ ಮುಂದೆ ಬರಲಿಲ್ಲ.

"ಒಟ್ಟೆ ಕಾಲಿ ಇರೋರು ಒಬ್ರೂ ಇಲ್ವಾ ಈ ಊರಲ್ಲಿ?" ಎಂದು ಕೂತಲ್ಲಿಂದಲೇ ಗೋಳಾಡಿದ.

"ನಾನಿವ್ನಿ" ಎಂಬ ದನಿ ಕೇಳಿತು. ಪ್ರಮೀಳಾ. "ಖುರ್ಷಿದಕ್ಕನೂ ಅವ್ರೆ. ನೀವು ಬಲವಂತ ಮಾಡಿ ಮುಗ್ಸೋ ಒತ್ಗೆ ಡಬರೀಲಿ ಸೌಟೊಂದೇ ಉಳ್ದಿತ್ತು. ನಿಮ್ದು ಊಟ ಆಯ್ತಾ ಅಂತ ಕೇಳೋ ಬಾಯಿ ಯಾರ್ಗೂ ಇರ್ನಿಲ್ಲ."

ಅವಳು ಚಪ್ಪಲಿ ಕಳಚಿಟ್ಟು, ಸೆರಗು ಬಿಗಿದು, ನೆರಿಗೆ ಎತ್ತಿ ಸಿಕ್ಕಿಸಿ ಹಿಂದಕ್ಕೆ ಸರಿದಳು. ಆಮೇಲೆ ಓಡಿ ಬಂದು ಒದ್ದಳು. ನಾಲ್ಕು ತಾಲ್ಲೂಕಿನ ತಾರೆಯರಿಗೆ ಬರದ ಹೊಡೆತ ಅದು! ಚೆಂಡು ಸುಯ್ ಎಂದು ಹೋಗಿ ಶಫೀವುಲ್ಲಾನ ತುಂಬಿದ ಹೊಟ್ಟೆಗೇ ಬಡಿಯಿತು. ಅವನು ಎರಡೂ ಕೈಯಿಂದ ಅದನ್ನು ಅಪ್ಪಿಕೊಂಡು, ಹಿಂದಕ್ಕೆ ಉರುಳಿ, ಕೆಸರಲ್ಲಿ ಬಿದ್ದ. ಚೆಂಡು ಬಿಡಲಿಲ್ಲ. ಖುರ್ಷಿದ್ ಬೇಗಂ ಬುರ್ಖಾ ಸರಿಸಿಕೊಂಡು ಚಪ್ಪಾಳೆ ತಟ್ಟಿದಳು, ತಟ್ಟುತ್ತಲೇ ಅತ್ತಳು.

ಶಫೀವುಲ್ಲಾ ಹೊಟ್ಟೆ ಹಿಡಿದುಕೊಂಡು ಕುಂಟುತ್ತ ಬಂದು, ಇನ್ನೂ ನೆಲದ ಮೇಲೇ ಕೂತಿದ್ದ ನಿಂಗರಾಜುವಿನ ಮಡಿಲಿಗೆ ಚೆಂಡನ್ನು ಹಾಕಿದ.

"ತಡ್ದಿದ್ದು ನಾನೇ, ಒಪ್ಕತೀನಿ" ಅಂದ. "ಆದ್ರೆ ಆ ಒದೆ ನಿನ್ಗೆ ಬೀಳ್ಬೇಕಾಗಿದ್ದು ಕಣ್ಲಾ."