ಕೆರೆ ದಂಡೆಯ ಟೆಂಟು, ಸಾಹುಕಾರ್ರ ಕುದುರೆ

ಕುದುರೆ ಕಟ್ಟಿದ ಜಾಗದಲ್ಲಿ ಗುಟ್ಟೂ ನಿಲ್ಲುವುದಿಲ್ಲ, ಗತ್ತೂ ನಿಲ್ಲುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅನುಭವಿಸಿ ಕಲಿತದ್ದು. ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ಅಡುಗೆಯ ತನಕ ಹನ್ನೆರಡು ವರ್ಷ ದುಡಿದೆ. ಆಮೇಲೆ ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ, ಕಾಡಂಚಿನ ಕೆರೆ ದಂಡೆಯಲ್ಲಿ ಆರು ಟೆಂಟು ಹಾಕಿ, ಎರಡು ಕಂದು ಕುದುರೆ ಕಟ್ಟಿ, ಪ್ರವಾಸಿಗರನ್ನು ಕರೆದೆ. ಕಾಫಿ ಬೆಲೆ ಬಿದ್ದುಹೋಗಿದ್ದ ಕಾಲ ಅದು. ಎಸ್ಟೇಟಿನ ಸಾಹುಕಾರ್ರು ‘ಹಾಕ್ಕೋ’ ಅಂದರು. ಆದರೆ ಕೆರೆ ಇದ್ದದ್ದು ಅವರ ಹೆಂಡತಿಗೆ ತವರಿನಿಂದ ಬಂದ ಜಮೀನಿನಲ್ಲಿ. “ದೂರು ಬರೋ ತನಕ ಇರು. ಬಂದ ದಿನ ಟೆಂಟು ಕಿತ್ಕೊಂಡು ಹೊರಡು,” ಅಂದಿದ್ದರು ಅಮ್ಮಾವ್ರು.

ದೂರು ಬರದಂತೆ ನಡೆದುಕೊಳ್ಳುವುದು ನನಗೆ ಗೊತ್ತಿತ್ತು. ಕುದುರೆಗಳಿಗೆ ಗೊತ್ತಿರಲಿಲ್ಲ.

ಪುಸ್ತಕ

ನಾನು ಶಾಲೆ ಕಂಡದ್ದು ಎರಡನೇ ಕ್ಲಾಸಿನ ತನಕ. ಓದು ಕಲಿತದ್ದು ಹೋಟೆಲಿನಲ್ಲಿ ಬೋಂಡಾ ಕಟ್ಟುವ ಹಳೇ ಪೇಪರಿನಿಂದ. ಏನೇ ಆದರೂ ಓದಿ ತಿಳಿಯಬೇಕು ಅನ್ನುವ ಹಟ. ಕುದುರೆ ತಂದ ವಾರವೇ ಚಿಕ್ಕಮಗಳೂರಿಗೆ ಹೋಗಿ, ಕುದುರೆ ಸಾಕುವ ಬಗ್ಗೆ ಒಂದು ಹಳೇ ಪುಸ್ತಕ ಹುಡುಕಿ ತಂದೆ. ಕುದುರೆ ನೋಡಿಕೊಳ್ಳಲು ಬಂದಿದ್ದ, ಎಸ್ಟೇಟಿನ ರಿಟೈರಾದ ಮೇಸ್ತ್ರಿ ಮೂಗು ಮುರಿದ. ನಾನು ಬಿಡಲಿಲ್ಲ, ಕುದುರೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಓದತೊಡಗಿದೆ.

ಒಂದು ದಿನ ಸಾರು ಉಕ್ಕಿತೆಂದು ಎದ್ದು ಹೋಗಿ ಬರುವಷ್ಟರಲ್ಲಿ ಹೆಣ್ಣು ಕುದುರೆ ಪುಸ್ತಕಕ್ಕೆ ಬಾಯಿ ಹಾಕಿತ್ತು. ತಿರುವಿ ನೋಡಿದೆ. ಹೋದದ್ದು ಹಲ್ಲು ನೋಡಿ ವಯಸ್ಸು ಹೇಳುವ ಅಧ್ಯಾಯ.

“ಹೆಣ್ಣಲ್ವೇನಕ್ಕಾ, ವಯಸ್ಸು ಹೇಳೋ ಪುಟವನ್ನೇ ಹುಡುಕಿ ತಿಂದಿದೆ,” ಅಂದ ಮೇಸ್ತ್ರಿ.

“ಗಂಡಾಗಿದ್ರೆ ಪುಸ್ತಕದ ಹತ್ತಿರವೇ ಬರ್ತಿರಲಿಲ್ಲ ಮಾರಾಯ,” ಅಂದೆ.

ದಿಬ್ಬಣ

ಗಂಡು ಕುದುರೆ ಮೊದಲು ಮದುವೆ ಮೆರವಣಿಗೆಗಳಿಗೆ ಹೋಗುತ್ತಿದ್ದದ್ದು. ಮಾರಿದವನು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಹಾಸನದ ಕಡೆಯ ಯಜಮಾನರೊಬ್ಬರು ಅದರ ಮೇಲೆ ಕೂತು, ಹೆಂಡತಿ ಫೋಟೋ ತೆಗೆಯಲಿ ಎಂದು ಎದೆ ಸೆಟೆಸಿದರು. ಅಷ್ಟರಲ್ಲಿ ಪಕ್ಕದ ಟೆಂಟಿನವರು ಟೇಪ್ ರೆಕಾರ್ಡರಿನಲ್ಲಿ ಬ್ಯಾಂಡಿನ ಹಾಡು ಹಾಕಿದರು. ಕುದುರೆ ಕಾಲೆತ್ತಿ ಕಾಲಿಟ್ಟು ಕುಣಿಯತೊಡಗಿತು. ಯಜಮಾನರು ಅದರ ಕುತ್ತಿಗೆ ತಬ್ಬಿಕೊಂಡು, “ಇಳಿಸ್ರೋ! ಯಾರಾದ್ರೂ ಇಳಿಸ್ರೋ!” ಎಂದು ಕೂಗಿದರು. ಹಾಡು ಮುಗಿಯುವ ತನಕ ಕುದುರೆ ಯಾರ ಮಾತೂ ಕೇಳಲಿಲ್ಲ. ಹೆಂಡತಿ ಮಾತ್ರ ನಿಧಾನಕ್ಕೆ ಫೋಟೋ ತೆಗೆಯುತ್ತಲೇ ಇದ್ದರು.

“ಗಾಬರಿ ಆಗ್ಬೇಡಿ ಅಮ್ಮಾ,” ಅಂದೆ.

“ನನಗೇನು ಗಾಬರಿ? ಮದುವೆ ದಿನವೂ ಇವರ ಮುಖ ಹೀಗೇ ಇತ್ತು. ಆವತ್ತು ಇಳಿಸೋಕೆ ಯಾರೂ ಬರಲಿಲ್ಲ.”

ಜಿಗಣೆ

ಮಳೆಗಾಲ ಮುಗಿದ ಮೇಲೂ ಕೆರೆಯಂಚಿನ ಹುಲ್ಲಿನಲ್ಲಿ ಜಿಗಣೆ ಬಿಡುವುದಿಲ್ಲ. ಬಂದವರಿಗೆಲ್ಲ ಕಾಲಿಗೆ ಉಪ್ಪುನೀರು ಹಚ್ಚಿಕೊಳ್ಳಿ ಎನ್ನುತ್ತಿದ್ದೆ. ಬೆಂಗಳೂರಿನ ಆಫೀಸರೊಬ್ಬರು ಹೆದರಿಕೆಗೆ ಮಂಡಿಯ ತನಕ ಉಪ್ಪು ಬಳಿದುಕೊಂಡೇ ಮಲಗಿದರು. ಉದ್ದನೆಯ ಆಳು, ಪಾದ ಎರಡೂ ಟೆಂಟಿನ ಹೊರಗೆ. ಕುದುರೆಗೆ ಉಪ್ಪೆಂದರೆ ಪ್ರಾಣ ಅಂತ ನನ್ನ ಪುಸ್ತಕದ ಉಳಿದ ಪುಟಗಳಲ್ಲಿತ್ತು. ನಾನಿನ್ನೂ ಅಲ್ಲಿಗೆ ತಲುಪಿರಲಿಲ್ಲ.

ಬೆಳಕು ಹರಿಯುತ್ತಲೇ ಕೂಗು ಕೇಳಿತು: “ಜಿಗಣೆ! ಜಿಗಣೆ! ಕಾಲು ಪೂರ್ತಿ ಹಿಡ್ಕೊಂಡಿದೆ!” ಓಡಿ ಹೋದೆವು. ಕುದುರೆ ಶ್ರದ್ಧೆಯಿಂದ ಆಫೀಸರ ಪಾದ ನೆಕ್ಕುತ್ತಿತ್ತು. ಅವರು ತಲೆ ಹೊರಗೆ ಹಾಕಿ ಅದರ ಮುಖ ನೋಡಿ ಬೆವರಿದರು.

ಮೇಸ್ತ್ರಿ ಸಮಾಧಾನ ಹೇಳಿದ. “ಹೆದರ್ಬೇಡಿ ಸ್ವಾಮಿ. ನಮ್ ಕಡೆ ಜಿಗಣೆ ಕುಡಿದೂ ಕುಡಿದೂ ಈ ಸೈಜಿಗೆ ಬರ್ತವೆ.”

ರೌಂಡ್ಸು

ಆಫೀಸರು ನಗಲಿಲ್ಲ. ನೇರ ಬಂಗಲೆಗೆ ಹೋಗಿ ದೂರು ಹೇಳಿದರು. “ನಾಳೆ ಐದು ಗಂಟೆಗೆ ನಾನೇ ಬರ್ತೇನೆ. ಟೆಂಟು ಮಡಚೋಕೆ ತಯಾರಾಗಿರು,” ಅಂತ ಅಮ್ಮಾವ್ರು ಹೇಳಿ ಕಳಿಸಿದರು.

ಸಾಹುಕಾರ್ರಿಗೆ ಶುಗರ್ ಬಂದಿತ್ತು. ಅಮ್ಮಾವ್ರು ಮನೆಯಲ್ಲಿ ಸಿಹಿ ಬಂದ್ ಮಾಡಿ ಸಪ್ಪೆ ಗಂಜಿಗೆ ಇಳಿಸಿದ್ದರು. ಮೈ ಅಲುಗಾಡಲಿ ಅಂತ ಡಾಕ್ಟ್ರು ಹೇಳಿದ್ದರಿಂದ ದಿನಾ ನಾಲ್ಕು ಗಂಟೆಗೆ ತಮ್ಮ ಬಿಳಿ ಕುದುರೆ ಏರಿ ತೋಟದ ರೌಂಡ್ಸಿಗೆ ಹೊರಡುತ್ತಿದ್ದರು. ಆ ರೌಂಡ್ಸು ಟೆಂಟುಗಳ ಪಕ್ಕದ ನನ್ನ ಅಡುಗೆಮನೆಯ ಹಿಂದಿನ ಕಿಟಕಿಯ ಬುಡದಲ್ಲಿ ಮುಗಿಯುತ್ತಿತ್ತು. ಅವರಿಗೊಂದು ಕಜ್ಜಾಯ, ಕುದುರೆಗೊಂದು ಬೆಲ್ಲದ ಉಂಡೆ.

ಮರುದಿನ ಅಮ್ಮಾವ್ರನ್ನು ಒಲಿಸಲೆಂದೇ ಕಜ್ಜಾಯ ಕರಿಯುತ್ತಿದ್ದೆ. ನಾಲ್ಕಕ್ಕೆ ಸರಿಯಾಗಿ ಹಿಂದುಗಡೆ ಗೊರಸಿನ ಸದ್ದು. ಬಿಳಿ ಕುದುರೆ ಕಿಟಕಿಯೊಳಗೆ ಮೂತಿ ತೂರಿಸಿತು. ನಾನು ಬಾಣಲೆಯಿಂದ ಕಣ್ಣು ತೆಗೆಯದೆ ತಟ್ಟೆ ಹೊರಗೆ ಚಾಚಿದೆ.

“ಬೇಗ ತಿಂದು ಜಾಗ ಖಾಲಿ ಮಾಡಿ ಸಾಹುಕಾರ್ರೇ. ನಿಮ್ಮ ಗಂಜಿ ಡಾಕ್ಟ್ರಮ್ಮ ಐದಕ್ಕೆ ಬರ್ತಾರೆ.”

ತಟ್ಟೆ ಹಗುರಾಯಿತು. ತಲೆ ಎತ್ತಿದೆ. ಕುದುರೆ ಮೇಲೆ ಅಮ್ಮಾವ್ರು! ಹಗ್ಗ ಹಿಡಿದಿದ್ದ ಮೇಸ್ತ್ರಿ ಆಕಾಶ ನೋಡುತ್ತಿದ್ದ. ಹೇಳಿದ್ದಕ್ಕಿಂತ ಮುಂಚೆ ಬಂದು ನನ್ನನ್ನು ಹಿಡಿಯಬೇಕೆಂದು, ಗಂಡ ಏರುವ ಮೊದಲೇ ಆ ಕುದುರೆ ಏರಿ, ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಅವರು ಹೊರಟದ್ದು ಟೆಂಟಿನ ಕಡೆಗೇ. ಕುದುರೆ ತನ್ನ ದಿನದ ದಾರಿ ಬಿಟ್ಟಿರಲಿಲ್ಲ.

“ಎಷ್ಟು ದಿನದಿಂದ?”

ಕುದುರೆಯೇ ಸಾಕ್ಷಿ ನಿಂತಾಗ ಸುಳ್ಳು ಹೇಗೆ ಹೇಳುವುದು? “ಎರಡು ವರ್ಷ ಅಮ್ಮಾ.”

“ಎರಡು ವರ್ಷ! ಅವರಿಗೆ ಬೇಜಾರಾಗಬಾರದು ಅಂತ ನಾನೂ ಜೊತೆಗೆ ಕೂತು ಸಪ್ಪೆ ಗಂಜಿ ಕುಡೀತಿದ್ದೇನೆ ಕಣೇ!”

ಟೆಂಟು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಕುದುರೆ ಮೂತಿ ಇನ್ನಷ್ಟು ಚಾಚಿತು. ಅಭ್ಯಾಸ ನೋಡಿ, ಕೈ ತಾನಾಗಿ ಬೆಲ್ಲದ ಉಂಡೆ ಕೊಟ್ಟಿತು.

“ಇದಕ್ಕೂ?”

“ಬಾಯಿ ಮುಚ್ಚಿಸಬೇಕಲ್ಲ ಅಮ್ಮಾ.”

ಅಮ್ಮಾವ್ರು ಕೈಯಲ್ಲಿದ್ದ ಕಜ್ಜಾಯ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿ ಪೂರ್ತಿ ಅಗಿದರು. “ನಾಳೆಯಿಂದ ಅವರಿಗೆ ಕಾಲು ಭಾಗ ಕೊಡು. ಮುಕ್ಕಾಲು ನಂದು. ನಾನು ಮೂರು ಗಂಟೆಗೆ ಇದರ ಮೇಲೇ ಬರ್ತೇನೆ. ಅವರಿಗೆ ಹೇಳಿದ್ಯೋ, ಟೆಂಟು ಕೀಳಿಸ್ತೇನೆ.”

ಟೆಂಟು ಉಳಿಯಿತು. ಸಾಹುಕಾರ್ರ ಶುಗರೂ ಇಳಿಯಿತು. ಗಂಜಿಯ ಗುಣ ಅಂತ ಬಂಗಲೆಯಲ್ಲಿ ಮಾತು. ಬಿಳಿ ಕುದುರೆ ಮಾತ್ರ ದಿನಕ್ಕೆರಡು ಉಂಡೆ ತಿಂದು ಜೀನಿನ ಪಟ್ಟಿ ಸಾಲದಷ್ಟು ಊದಿತು. ದನದ ಡಾಕ್ಟ್ರು ಬಂದು ನೋಡಿ, “ಯಾರ್ರೀ ಇದಕ್ಕೆ ಸಿಹಿ ತಿನ್ನಿಸೋದು?” ಎಂದು ಗದರಿದರು. ಸಾಹುಕಾರ್ರು, ಅಮ್ಮಾವ್ರು, ನಾನು, ಮೂವರೂ ಒಟ್ಟಿಗೆ ಮೇಸ್ತ್ರಿಯ ಮುಖ ನೋಡಿದೆವು.

ಮೇಸ್ತ್ರಿ ತಲೆ ಕೆರೆದುಕೊಂಡ. “ನಾನೇ ಸ್ವಾಮಿ, ತಪ್ಪಾಯ್ತು,” ಅಂದ. ಆಮೇಲೆ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ:

“ನನ್ನ ಬಾಯಿ ಮುಚ್ಚಿಸೋಕೆ ದಿನಾ ಎರಡು ಕಜ್ಜಾಯ, ಅಕ್ಕಾ.”