ವಕೀಲರ ಅಂಗಿಯ ಗಂಜಿ

ನಮ್ಮ ಕಡೆ ಮರ್ಯಾದಸ್ಥರು ಸ್ವಂತ ಊರಿನಲ್ಲಿ ಬಿಯರ್ ಕುಡಿಯುವುದಿಲ್ಲ. ಜಮಖಂಡಿಯವರು ಮುಧೋಳಕ್ಕೆ ಹೋಗುತ್ತಾರೆ, ಮುಧೋಳದವರು ಜಮಖಂಡಿಗೆ ಬರುತ್ತಾರೆ. ಎರಡೂ ಊರುಗಳ ಶೀಲ ಸದ್ಯಕ್ಕೆ ಬಸ್ಸಿನ ಮೇಲೆ ನಡೆದಿದೆ. ನಾನು ಜಮಖಂಡಿಯ ವಕೀಲ, ಹಣೆಗೆ ಗಂಧ ಹಚ್ಚುವ ಮನೆತನದವ. ಆದ್ದರಿಂದ ಆಗಾಗ ನನಗೆ ಮುಧೋಳದಲ್ಲಿ ‘ಪಾರ್ಟಿ ಕೆಲಸ’, ಅಂದರೆ ಕಕ್ಷಿದಾರರ ಕೆಲಸ, ಬರುತ್ತಿತ್ತು. ಈಚೆಗೆ ಮೊಣಕಾಲು ನೋವು ಶುರುವಾಗಿ, ಬಸ್ಸು ಹತ್ತಿ ಇಳಿದು ಮರ್ಯಾದೆ ಕಾಯುವುದು ಕಷ್ಟವಾಯಿತು. ಹಾಳಾದ ಬಿಯರನ್ನು ಮನೆಯಲ್ಲೇ ಮಾಡಿಕೊಂಡರೆ ಹೇಗೆ ಎಂಬ ವಿಚಾರ ತಲೆಗೆ ಹೊಕ್ಕದ್ದು ಆಗ.

‘ವಕೀಲರ, ಅದು ಕಾಯ್ದೇಕ್ಕ ವಿರುದ್ಧ ಅಲ್ಲೇನ್ರಿ?’ ಎಂದು ನೀವು ಕೇಳಬಹುದು. ಹೌದು. ಅಂಗಡಿಯಲ್ಲಿ ಕುಡಿದರೆ ಸರ್ಕಾರಕ್ಕೆ ಆದಾಯ, ಮನೆಯಲ್ಲಿ ಮಾಡಿಕೊಂಡರೆ ಅಪರಾಧ. ನನಗೆ ಇದು ಗೊತ್ತಿಲ್ಲದೆ ಇಲ್ಲ. ನನ್ನ ಅರ್ಧ ಸಂಸಾರ ನಡೆದಿರುವುದೇ ಕಳ್ಳಭಟ್ಟಿ ಕೇಸುಗಳ ಮೇಲೆ. ಬೀಳಗಿ ಕಡೆಯ ಪಾರ್ಟಿಗಳು ಬಂದಾಗಲೆಲ್ಲ, ‘ಮನ್ಯಾಗ ಯಾಕ ಕಾಸ್ತೀರಿಲೇ, ಬುದ್ಧಿ ಐತೇನು?’ ಎಂದು ಕಣ್ಣು ಕೆಂಪಗೆ ಮಾಡಿದವನು ನಾನೇ. ಆದರೆ ಅವರು ಮಾಡಿದರೆ ಅದು ಕಳ್ಳಭಟ್ಟಿ. ಕಲಿತವನು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಮಾಡಿದರೆ ಅದು ಹವ್ಯಾಸ. ಈ ವ್ಯತ್ಯಾಸ ಯಾವ ಕಾಯ್ದೆಯಲ್ಲೂ ಇಲ್ಲ, ಎಲ್ಲ ಕಲಿತವರ ಮನಸ್ಸಿನಲ್ಲಿ ಇದೆ.

ವಿಡಿಯೋದಲ್ಲಿ ಒಬ್ಬ ಗಡ್ಡದ ಹುಡುಗ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಹದವಾದ ಬಿಸಿನೀರಿನಲ್ಲಿ ನೆನೆಸಬೇಕು, ಕುದಿಸಲೇಬಾರದು ಎಂದು ಬಡಕೊಳ್ಳುತ್ತಿದ್ದ. ‘ಕುದಿಸಲಾರದ್ದು ಹೊಟ್ಟಿಗೆ ಛಲೋ ಅಲ್ಲ’ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಅವ್ವನ ಮಾತು ಕೇಳಿ ಗಳಗಳ ಕುದಿಸಿದೆ. ಬಾರ್ಲಿ ಬೆಂದು ಅಂಟಂಟಾಯಿತು. ಸೋಸಿ ನೋಡಿದರೆ ಸಿಹಿಯೇ ಇಲ್ಲ! ಮಹಾಲಿಂಗಪುರದ ಬೆಲ್ಲ ಒಂದು ಹೆಂಟೆ ಹಾಕಿದೆ. ಕಹಿಗೆ ಅದೇನೋ ಹೂವು ಹಾಕಬೇಕಂತೆ, ನಮ್ಮ ಸಂತೆಯಲ್ಲಿ ಸಿಗಲಿಲ್ಲ, ಮೆಂತ್ಯ ಹಾಕಿದೆ. ಅಷ್ಟರಲ್ಲಿ ಹೆಂಡತಿ ಸುಮಿತ್ರಾ ಬಂದು, “ಏನ್ರಿ ಇದು?” ಅಂದಳು.

“ಬಾರ್ಲಿ ನೀರು. ಕಿಡ್ನಿ ಕಲ್ಲಿಗೆ.”

“ನಿಮಗ ಕಲ್ಲ ಯಾವಾಗ ಆತು?”

“ಆಗಬಾರದಂತನ ಕುಡಿಯೂದು.”

ಎದುರಿನ ವಕೀಲರ ಬಾಯಿಯನ್ನು ಇಷ್ಟು ಸಲೀಸಾಗಿ ನಾನು ಎಂದೂ ಮುಚ್ಚಿಸಿರಲಿಲ್ಲ. ಆರಿದ ಮೇಲೆ ಬ್ರೆಡ್ಡಿಗೆ ಹಾಕುವ ಯೀಸ್ಟ್ ಉದುರಿಸಿ, ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ, ಆಫೀಸು ಕೋಣೆಯಲ್ಲಿ ಹಳೇ ಫೈಲುಗಳ ಹಿಂದೆ ಇಟ್ಟೆ. ಮರುದಿನದಿಂದ ಒಳಗೆ ಬುಳುಬುಳು ಶಬ್ದ. ಪಾರ್ಟಿಗಳು ಎದುರಿಗೆ ಕೂತು ತಮ್ಮ ಗೋಳು ತೋಡಿಕೊಳ್ಳುವಾಗ ನನ್ನ ಕಿವಿಯೆಲ್ಲ ಬಕೆಟ್ಟಿನ ಕಡೆಗೆ. ಬಾಣಂತಿಯನ್ನು ಒಳಗಿಟ್ಟುಕೊಂಡ ಮನೆಯವನ ಹಾಗೆ ಓಡಾಡಿದೆ.

ಹೀಗಿರಲು ಒಂದು ಮುಂಜಾನೆ ನನ್ನ ಬಿಳಿ ಅಂಗಿ, ಕೊರಳಿನ ಬ್ಯಾಂಡು ತಗಡಿನ ಹಾಗೆ ಗರಿಗರಿಯಾಗಿ ನಿಂತಿದ್ದವು. “ಗಂಜಿ ಹಾಕೇನ್ರಿ” ಎಂದಳು ಸುಮಿತ್ರಾ. ಭೇಷ್ ಅಂದು ತೊಟ್ಟು, ಮೇಲೆ ಕರಿ ಕೋಟು ಏರಿಸಿ ಕೋರ್ಟಿಗೆ ಹೊರಟೆ.

ಅಂದು ಬೀಳಗಿ ಕಡೆಯ ಯಮನಪ್ಪನ ಕೇಸು. ಕಳ್ಳಭಟ್ಟಿಯದೇ. ಜಾಮೀನಿನ ಮೇಲೆ ಹೊರಗಿದ್ದ. ಕುಡಿಯಬಾರದು, ಕಾಸಬಾರದು ಎಂಬ ಷರತ್ತು ಬೇರೆ. ಬೇಸಿಗೆ. ಕರೆಂಟು ಹೋಗಿ ಫ್ಯಾನು ನಿಂತಿತು. ನಾನು ಬೆವೆತೆ. ಬೆವೆತಂತೆ ಎಲ್ಲಿಂದಲೋ ಒಂದು ಘಮ ಎದ್ದಿತು. ನನಗೆ ಮೊದಲು ಆದದ್ದು ಸಂತೋಷ: ಅರೇ, ಬಿಯರ್ ಆಗೇತಿ! ಆಮೇಲೆ ಅದು ಬರುತ್ತಿರುವುದು ನನ್ನ ಕೊರಳಪಟ್ಟಿಯಿಂದ ಎಂದು ತಿಳಿದು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡೆ. ಆಫೀಸು ಕೋಣೆ ಗುಡಿಸುವಾಗ ನನ್ನ ಬಕೆಟ್ಟು ಹೆಂಡತಿಯ ಕಣ್ಣಿಗೆ ಬಿದ್ದಿರಬೇಕು. ಸುಮಿತ್ರಾ ಬನಹಟ್ಟಿಯ ಮಗ್ಗದ ಮನೆಯ ಮಗಳು. ನೂಲಿಗೆ ಗಂಜಿ ಕೊಡುವುದನ್ನು ನೋಡುತ್ತಲೇ ಬೆಳೆದವಳು. ಮಬ್ಬಾಗಿ ಅಂಟುವ ನೀರು ಹುಳಿ ಬಂದಿದ್ದರೆ ಅದನ್ನು ಚೆಲ್ಲುವ ಜಾತಿಯೇ ಅಲ್ಲ ಅವರದು.

ನ್ಯಾಯಾಧೀಶ ಸಾಹೇಬರು ಮೈಸೂರು ಕಡೆಯವರು, ಹೊಸಬರು. ಮೂಗು ಏರಿಸಿ, “ಏನ್ರೀ ಇದು ವಾಸನೆ? ಆರೋಪಿ ಕುಡಿದು ಬಂದಿದ್ದಾನಾ? ಜಾಮೀನು ರದ್ದು ಮಾಡಿ ಈಗಲೇ ಒಳಗೆ ಕಳಿಸ್ತೀನಿ” ಎಂದರು. ಯಮನಪ್ಪ ಎರಡೂ ಕೈ ಮುಗಿದ. ಬಾಗಿಲಲ್ಲಿ ಬುತ್ತಿ ಗಂಟು ಹಿಡಿದು ನಿಂತಿದ್ದ ಅವನ ಹೆಂಡತಿ, “ಅಯ್ಯ ಶಿವನ” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ಸುಮ್ಮನೇ ಇದ್ದೆ. ಆದರೆ ನನ್ನ ಅಂಗಿಯ ವಾಸನೆಗೆ ಅವನು ಜೈಲಿಗೆ ಹೋಗುವುದನ್ನು ನೋಡಿ ಮನೆಗೆ ಹೋಗಿ ಊಟ ಮಾಡಲು ನನ್ನಿಂದ ಆಗುತ್ತಿರಲಿಲ್ಲ.

“ಸ್ವಾಮಿ, ವಾಸನೆ ಆರೋಪಿಯದಲ್ಲ. ನನ್ನ ಅಂಗಿಯದು” ಎಂದೆ. “ನನ್ನ ಹೆಂಡತಿ ಬನಹಟ್ಟಿಯವಳು. ಬಾರ್ಲಿ ನೀರು ಹುಳಿ ಬಂದಿತ್ತು. ಅದನ್ನೇ ಗಂಜಿ ಮಾಡಿ ಅಂಗಿಗೆ ಹಾಕಿದ್ದಾಳೆ.”

“ಓ, ನೇಕಾರರ ಸೀಮೆ ಅಲ್ವಾ ಇದು” ಎಂದು ಸಾಹೇಬರು ನಕ್ಕು ಮುಂದಿನ ತಾರೀಖು ಕೊಟ್ಟರು.

ಹೊರಗೆ ಬಂದದ್ದೇ ಯಮನಪ್ಪ ನನ್ನ ಕಾಲು ಹಿಡಿದ. “ಸಾಹೇಬ್ರ, ಧೈರ್ಯಕ್ಕಂತ ಬಸ್‌ಸ್ಟ್ಯಾಂಡಿನ್ಯಾಗ ಒಂದೀಟು ಹಾಕ್ಕೊಂಡಿದ್ನಿರಿ. ಅದನ್ನ ನಿಮ್ಮ ಮ್ಯಾಲ ಎಳಕೊಂಡ್ರಿ. ದೇವ್ರಂಥಾ ಮನಶ್ಯಾರಿ ನೀವು!”

“ಇಲ್ಲೋ ಮಾರಾಯಾ, ಅದು ಖರೇನ ನನ್ನ ಅಂಗಿ ವಾಸನಿ.”

“ಇನ್ನೂ ನನ್ನ ಬಿಟ್ಟುಕೊಡವಲ್ರು ನೋಡ!” ಎಂದು ಹೆಂಡತಿಯನ್ನೂ ಕರೆದು ನಮಸ್ಕಾರ ಮಾಡಿಸಿದ.

ವಕೀಲರ ಕೋಣೆಯಲ್ಲಿ ಹಿರಿಯರೆಲ್ಲ ಬೆನ್ನು ಚಪ್ಪರಿಸಿ, “ಗಂಜಿ ಅಂತ! ನಿಂತ ನಿಲುವಿನ್ಯಾಗ ಏನ್ ಸುಳ್ಳ ಹುಡಿಕಿದ್ಯೋ!” ಎಂದರು. ಈಗ ಬೀಳಗಿ, ಮುಧೋಳದಿಂದ ಪಾರ್ಟಿಗಳು ನನ್ನ ಮನೆ ಕೇಳಿಕೊಂಡು ಬರುತ್ತಾರೆ. ಇಷ್ಟು ವರ್ಷಗಳ ವಕೀಲಿಯಲ್ಲಿ ಕೋರ್ಟಿನ ಮುಂದೆ ನಾನು ಆಡಿದ ಅಪ್ಪಟ ನಿಜ ಅದೊಂದೇ. ಸಾಹೇಬರೊಬ್ಬರನ್ನು ಬಿಟ್ಟು ಅದನ್ನು ಯಾರೂ ನಂಬಲಿಲ್ಲ. ನನ್ನ ಹೊಟ್ಟೆಪಾಡು ನಡೆದಿರುವುದು ಅವರು ನಂಬದೆ ಹೋದದ್ದರ ಮೇಲೆ.